ರಸ್ತೆಬದಿಯ ಹತ್ತು ವ್ಯಾಟ್ ರೇಡಿಯೊ: ಕಟ್ಟಳೆ ಬಿಗಿಯಾಯಿತೋ, ಸಡಿಲವಾಯಿತೋ?

ಹೊಳೆಸಾಲು

ಎಲ್ಲರಿಗೂ ನಮಸ್ಕಾರ. ನನ್ನ ಊರು ತೀರ್ಥಹಳ್ಳಿ ಹತ್ತಿರ. ಹನ್ನೊಂದು ವರ್ಷದಿಂದ ಅಮೆರಿಕದ ಪಶ್ಚಿಮ ಭಾಗದಲ್ಲಿದ್ದೇನೆ. ರೇಡಿಯೊ ಬಲ್ಲವರು ಇಲ್ಲಿ ಬಹಳ ಜನ ಇದ್ದೀರಿ ಅಂತ ಕೇಳುತ್ತಿದ್ದೇನೆ.

ಜನವರಿಯಲ್ಲಿ ಹೆಂಡತಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಒಂದು ಘಟ್ಟ ಹತ್ತುತ್ತಿದ್ದೆ. ಯಾವ ಘಟ್ಟ, ಯಾವ ಇಲಾಖೆ ಅನ್ನುವುದು ಬೇಡ. ಸಂಜೆ ನಾಲ್ಕೂವರೆಗೇ ಕತ್ತಲು ಕವಿದಿತ್ತು. ಹಿಮ ಸಣ್ಣಗೆ ಬೀಳುತ್ತಿತ್ತು. ಫೋನಿನಲ್ಲಿ ಸಿಗ್ನಲ್ ಹೋಗಿ ಅರ್ಧ ಗಂಟೆ ಆಗಿತ್ತು. ಆಗ ರಸ್ತೆಬದಿಯಲ್ಲಿ ನೀಲಿ ಬೋರ್ಡು ಕಂಡಿತು. ದೀಪ ಮಿನುಗುತ್ತಿದ್ದರೆ ತುರ್ತು ಮಾಹಿತಿ ಇದೆ, 1610 ಎಎಂ ಹಾಕಿ ಅಂತ. ಬೋರ್ಡಿನ ನೆತ್ತಿಯ ಮೇಲೆ ಎರಡು ಹಳದಿ ದೀಪ, ಒಂದು ಆರಿದರೆ ಇನ್ನೊಂದು ಹತ್ತುತ್ತಿತ್ತು. ಎಫ್‌ಎಂ ಬಿಟ್ಟು ಎಎಂಗೆ ಹೋದೆ. ಸುಯ್ ಅನ್ನುವ ಸದ್ದಿನ ಒಳಗಿಂದ ಗಂಡಸಿನ ದನಿ. ವಾಕ್ಯದ ನಡುವೆ ಹಿಡಿದಿದ್ದೆವು, ಹಾಗಾಗಿ ಅದು ತಿರುಗಿ ಮೊದಲಿಗೆ ಬರಲಿ ಅಂತ ಕಾದೆವು. ಮೇಲೆ ಟೈರಿಗೆ ಸರಪಳಿ ಕಟ್ಟಲೇಬೇಕು, ಈ ಆದೇಶ ಬುಧವಾರ ಸಂಜೆ ಆರರವರೆಗೆ ಅಂದಿತು.

ಅವತ್ತು ಶುಕ್ರವಾರ.

ಹಳೆಯ ಸುದ್ದಿ ಅಂದುಕೊಂಡು ಮುಂದೆ ಹೋದೆ. ಹತ್ತು ಮೈಲಿ ಆಚೆ ಲಾರಿ ಅಡ್ಡಬಿದ್ದು ರಸ್ತೆ ಮುಚ್ಚಿತ್ತು. ದೀಪ ಹಾಕಿದ್ದು ಅದಕ್ಕೇ. ದೀಪ ಹಾಕಿದವರು ಸುದ್ದಿ ಬದಲಿಸಿರಲಿಲ್ಲ. ಮೂರೂವರೆ ಗಂಟೆ ಕಾರಿನಲ್ಲೇ ಕೂತೆವು. ಚಿಕ್ಕವನಿಗೆ ನಾಲ್ಕು ವರ್ಷ. ಬಿಸ್ಕತ್ತು ಮುಗಿಯಿತು, ನೀರು ಮುಗಿಯಿತು. ಪೆಟ್ರೋಲ್ ಉಳಿಸಲು ಹೀಟರನ್ನು ಹತ್ತು ನಿಮಿಷ ಹಾಕುವುದು, ಇಪ್ಪತ್ತು ನಿಮಿಷ ಆರಿಸುವುದು. ಫಲಕ ಇದ್ದ ಜಾಗದಿಂದ ಸ್ವಲ್ಪವೇ ಮುಂದೆ ಒಂದು ತಿರುವು ಇತ್ತು, ಅಲ್ಲಿ ವಾಪಸ್ ಇಳಿಯಬಹುದಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಕೇಂದ್ರಗಳಿಗೆ ಕಾನೂನು ಏನು? ಯಾರು ಏನು ಹೇಳಬೇಕು ಅಂತ ಎಲ್ಲಾದರೂ ಬರೆದಿದೆಯೇ?

ಹಳೇ ಹ್ಯಾಮ್

ಮಕ್ಕಳು ಕ್ಷೇಮವಾಗಿ ಮನೆ ಸೇರಿದರಲ್ಲ, ಸಮಾಧಾನ. ಕಾನೂನು ಇದೆ, ಚೆನ್ನಾಗಿಯೇ ಬರೆದಿದೆ. ನಾನು ಹಾಸನದವನು, ನಲವತ್ತು ವರ್ಷದಿಂದ ಹವ್ಯಾಸಿ ರೇಡಿಯೊದಲ್ಲಿದ್ದೇನೆ. ಹತ್ತು ವ್ಯಾಟಿನಲ್ಲಿ ಏನೇನು ಆಗುತ್ತದೆ ಅನ್ನುವ ಕುತೂಹಲಕ್ಕೆ ಈ ನಿಯಮವನ್ನು ಹಲವು ಸಲ ಓದಿದ್ದೇನೆ.

ಅಮೆರಿಕದಲ್ಲಿ ತರಂಗಗಳ ಯಜಮಾನಿಕೆ ಎಫ್‌ಸಿಸಿಯದು, ಅಂದರೆ ಅಲ್ಲಿನ ಕೇಂದ್ರ ಸಂಪರ್ಕ ಆಯೋಗದ್ದು. ಅದರ ನಿಯಮಾವಳಿಯ 90ನೇ ಭಾಗದಲ್ಲಿ 90.242 ಅಂತ ಒಂದು ಕಲಮು ಇದೆ. 1977ರಲ್ಲಿ ಈ ಸೇವೆಯನ್ನು ಹುಟ್ಟುಹಾಕಿದರು. ಆಗ ಕೊಟ್ಟದ್ದು ಎರಡೇ ಜಾಗ, 530 ಮತ್ತು 1610 ಕಿಲೋಹರ್ಟ್ಸ್. ಎಎಂ ಪ್ರಸಾರಕ್ಕೆ ಮೀಸಲಾಗಿದ್ದ ಪಟ್ಟಿಯ ಎರಡೂ ತುದಿಗಳ ಆಚೆಗೆ, ಹೊಲದ ಬದುವಿನ ಮೇಲೆ ಜಾಗ ಕೊಟ್ಟ ಹಾಗೆ. 1990ರ ದಶಕದಲ್ಲಿ 1700ರವರೆಗೆ ಎಲ್ಲಿ ಖಾಲಿ ಇದೆಯೋ ಅಲ್ಲಿ ಬಳಸಲು ಬಿಟ್ಟರು.

ಲೈಸೆನ್ಸು ಸರ್ಕಾರಿ ಸಂಸ್ಥೆಗಳಿಗೆ ಮತ್ತು ಉದ್ಯಾನ ಪ್ರಾಧಿಕಾರಗಳಿಗೆ ಮಾತ್ರ. ಟ್ರಾನ್ಸ್‌ಮಿಟರಿನ ಶಕ್ತಿ 10 ವ್ಯಾಟ್ ಮೀರಬಾರದು, ಕಂಬದ ಎತ್ತರ 15 ಮೀಟರ್ ಮೀರಬಾರದು. 1.5 ಕಿಲೋಮೀಟರ್ ದೂರದಲ್ಲಿ ಅಳೆದರೆ ತರಂಗದ ಬಲ ಮೀಟರಿಗೆ 2 ಮಿಲಿವೋಲ್ಟ್ ದಾಟಬಾರದು. ಕಂಬದ ಬದಲು ರಸ್ತೆಯುದ್ದಕ್ಕೂ ತಂತಿ ಎಳೆದರೆ 50 ವ್ಯಾಟ್ ಸಿಗುತ್ತದೆ, ಆದರೆ ತಂತಿಯ ಉದ್ದ 3 ಕಿಲೋಮೀಟರಿಗೆ ನಿಲ್ಲಬೇಕು, 60 ಮೀಟರ್ ಆಚೆ ಅದೇ 2 ಮಿಲಿವೋಲ್ಟ್. ಅದೇ ತರಂಗದಲ್ಲಿ ಎಎಂ ಕೇಂದ್ರ ಇದ್ದರೆ ಅದರ ಹಗಲಿನ ಕೇಳುಪ್ರದೇಶದ ಗಡಿಯಿಂದ 130 ಕಿಲೋಮೀಟರ್ ದೂರ ಇರಬೇಕು, ಪಕ್ಕದ ತರಂಗವಾದರೆ 15 ಕಿಲೋಮೀಟರ್. ಇಷ್ಟಾದರೂ 530 ಬಿಟ್ಟು ಉಳಿದ ಕಡೆ ಇವರದು ಎರಡನೇ ದರ್ಜೆಯ ಹಕ್ಕು. ಪ್ರಸಾರ ಕೇಂದ್ರದವರಿಗೆ ಅಡಚಣೆ ಆದರೆ ಜಾಗ ಬಿಡಬೇಕಾದವರು ಇವರೇ.

ಏನು ಹೇಳಬಹುದು ಅನ್ನುವುದೂ ಬರೆದಿದೆ. ರಸ್ತೆಯ ಸ್ಥಿತಿ, ಅಪಾಯ, ದಾರಿ, ವಸತಿ, ತಂಗುದಾಣ, ಪೆಟ್ರೋಲ್ ಬಂಕ್ ಎಲ್ಲಿ ಸಿಗುತ್ತದೆ, ಹತ್ತಿರದಲ್ಲಿ ನೋಡುವಂಥದ್ದು ಏನಿದೆ. ಬಂಕ್ ಇದೆ ಅನ್ನಬಹುದು, ಯಾರ ಬಂಕ್ ಅನ್ನಬಾರದು. ಯಾವ ಅಂಗಡಿ, ಹೋಟೆಲಿನ ಹೆಸರೂ ಬರಬಾರದು. ವಿಮಾನ, ರೈಲು, ಬಸ್ ನಿಲ್ದಾಣಗಳಲ್ಲಿ ಹೊರಡುವ, ಬರುವ ವೇಳೆ ಮತ್ತು ಪಾರ್ಕಿಂಗ್ ಹೇಳುವಾಗ ಮಾತ್ರ ಆಯಾ ಕಂಪನಿಯ ಹೆಸರು ಹೇಳಲು ಬಿಡುತ್ತಾರೆ.

ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಬೇರೆ. ಇಷ್ಟು ಉದ್ದದ ಕಲಮಿನಲ್ಲಿ ವ್ಯಾಟ್ ಇದೆ, ಮೀಟರ್ ಇದೆ, ಮಿಲಿವೋಲ್ಟ್ ಇದೆ. ಸುದ್ದಿ ಎಷ್ಟು ಹೊತ್ತು ತಾಜಾ ಇರಬೇಕು ಅನ್ನುವ ಒಂದು ಸಾಲೂ ಇಲ್ಲ.

ಕಲಘಟಗಿ ಹುಡುಗ

ಹತ್ತು ವ್ಯಾಟ್ ಅಂದ್ರ ನಮ್ಮ ಮನ್ಯಾಗಿನ ಎಲ್‌ಇಡಿ ಬಲ್ಬಿನಷ್ಟು ಆತಲ್ರಿ ಸರ್. ಧಾರವಾಡ ಆಕಾಶವಾಣಿ 765 ಕೇಳಿಕೋತ ಬೆಳದಾಂವ ನಾ. ಅದು 200 ಕಿಲೋವ್ಯಾಟ್. ಹತ್ತು ವ್ಯಾಟಿನಾಗ ಘಟ್ಟದಾಗ ಯಾರಿಗೆ ಏನ ಕೇಳಸ್ತದ? ಜೀವದ ಪ್ರಶ್ನೆ ಇದ್ದಲ್ಲಿ ಇಷ್ಟ್ಯಾಕ ಜಿಪುಣತನ ಮಾಡ್ಯಾರ?

ಹಳೇ ಹ್ಯಾಮ್

ಹತ್ತು ವ್ಯಾಟನ್ನು ಕಡಿಮೆ ಅನ್ನಬೇಡಿ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆಕಾಶವಾಣಿ ಆರಂಭಿಸಿದ್ದು 30 ವ್ಯಾಟಿನ ಟ್ರಾನ್ಸ್‌ಮಿಟರಿನಿಂದ. ಇಲ್ಲಿ ಬೇಕಾಗಿರುವುದು ಐದಾರು ಕಿಲೋಮೀಟರ್ ರಸ್ತೆ ಅಷ್ಟೇ. ಜಾಸ್ತಿ ಶಕ್ತಿ ಕೊಟ್ಟರೆ ಈ ಘಟ್ಟದ ಸುದ್ದಿ ಪಕ್ಕದ ಕಣಿವೆಯಲ್ಲಿ ಕೇಳಿಸುತ್ತದೆ. ಅಲ್ಲಿ ಹೋಗುತ್ತಿರುವವನು ತನ್ನ ರಸ್ತೆಯೇ ಮುಚ್ಚಿದೆ ಅಂದುಕೊಳ್ಳುತ್ತಾನೆ.

ರಾತ್ರಿಯ ಕಥೆ ಇನ್ನೂ ಬೇರೆ. ಸೂರ್ಯ ಮುಳುಗಿದ ಮೇಲೆ ಎಎಂ ಬರುವ ಮಧ್ಯಮ ತರಂಗ ಆಕಾಶದಲ್ಲಿ ಎತ್ತರದಲ್ಲಿರುವ ಅಯಾನುಗೋಳ ಅನ್ನುವ ಪದರಕ್ಕೆ ತಾಗಿ ನೂರಾರು ಮೈಲಿ ಆಚೆ ಇಳಿಯುತ್ತದೆ. ಫ್ಲಾರಿಡಾ ಕಡೆ ರಾತ್ರಿ 530 ಹಾಕಿದರೆ ಕ್ಯೂಬಾದ ರೇಡಿಯೊ ಎನ್ಸಿಕ್ಲೊಪೀಡಿಯಾದ ಸಂಗೀತ ನುಗ್ಗಿ ಬರುತ್ತದೆ. ದೂರದ ಕೇಂದ್ರಗಳನ್ನು ಹುಡುಕಿ ಹಿಡಿಯುವ ಹವ್ಯಾಸ ಇರುವವರು ಈ ಹತ್ತು ವ್ಯಾಟಿನ ರಸ್ತೆ ಕೇಂದ್ರಗಳನ್ನೂ ಬೇರೆ ರಾಜ್ಯಗಳಲ್ಲಿ ಕೂತು ಹಿಡಿಯುತ್ತಾರೆ. ಅಷ್ಟು ಶಕ್ತಿಯೇ ಅಷ್ಟು ದೂರ ಹೋಗುತ್ತದೆ ಅಂದ ಮೇಲೆ ಕಟ್ಟಳೆ ಬಿಗಿ ಇದ್ದದ್ದು ಸರಿಯೇ.

ನೆಲದ ತಂತಿ

ಇಂಥ ಕಂಬಗಳ ಬುಡದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವನು ನಾನು, ಗುತ್ತಿಗೆದಾರರ ಕಡೆಯಿಂದ. ಕಾಗದದ ಮೇಲಿನ 10 ವ್ಯಾಟಿಗೂ ಗಾಳಿಗೆ ಬೀಳುವುದಕ್ಕೂ ಎಷ್ಟು ಅಂತರ ಇದೆ ಅಂತ ಹೇಳುತ್ತೇನೆ.

1610ರಲ್ಲಿ ತರಂಗದ ಉದ್ದ ಸುಮಾರು 186 ಮೀಟರ್. ಒಳ್ಳೆಯ ಕಂಬ ಅಂದರೆ ಅದರ ಕಾಲು ಭಾಗ, 46 ಮೀಟರ್ ಬೇಕು. 530ರಲ್ಲಾದರೆ 141 ಮೀಟರ್. ನಿಯಮ ಕೊಡುವುದು 15. ಉಳಿದದ್ದನ್ನು ಸುರುಳಿ ಸುತ್ತಿ ಸರಿದೂಗಿಸಬೇಕು. ಆ ಸುರುಳಿಯಲ್ಲೂ ನೆಲದಲ್ಲೂ ಶಕ್ತಿಯ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ. ಅದಕ್ಕೇ ಕಂಬದ ಬುಡದಿಂದ ಸುತ್ತಲೂ, ಬಂಡಿ ಚಕ್ರದ ಅರೆಗಳ ಹಾಗೆ, ತಾಮ್ರದ ತಂತಿ ಹೂಳುತ್ತೇವೆ. ನೋಡುವವರಿಗೆ ಕಾಣುವುದು ಕಂಬ, ಅದರ ಪಕ್ಕ ಒಂದು ತಗಡಿನ ಪೆಟ್ಟಿಗೆ, ಮೇಲೆ ಸೋಲಾರ್ ಹಲಗೆ. ಕೆಲಸ ಮಾಡುವುದು ಮಣ್ಣಿನೊಳಗಿನ ತಂತಿ. ಬಂಡೆಯ ಮೇಲೆ ಹೂಳಲು ಮಣ್ಣೇ ಇಲ್ಲದ ಕಡೆ ಎರಡು ಕಿಲೋಮೀಟರಿಗೇ ದನಿ ಸಾಯುತ್ತದೆ. ತಾಮ್ರ ಕಿತ್ತುಕೊಂಡು ಹೋದವರನ್ನೂ ಕಂಡಿದ್ದೇನೆ. ಅವತ್ತಿನಿಂದ ಕೇಂದ್ರ ಮೂಕ, ಆದರೆ ಕಚೇರಿಯ ಪರದೆಯ ಮೇಲೆ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಯಾಕೆಂದರೆ ಟ್ರಾನ್ಸ್‌ಮಿಟರ್ ನಡೆಯುತ್ತಿದೆ.

ಹೊಳೆಸಾಲು ಅವರೇ, ನಿಮಗೆ ಆದದ್ದು ನನಗೆ ಹೊಸದಲ್ಲ. ದೀಪಕ್ಕೆ ಒಂದು ಸ್ವಿಚ್ಚು, ಸುದ್ದಿಗೆ ಬೇರೆ ವ್ಯವಸ್ಥೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುತ್ತಾರೆ, ಅಪಘಾತ ಅಂದ ಕೂಡಲೇ ದೀಪ ಒತ್ತುತ್ತಾರೆ. ಸುದ್ದಿ ರೆಕಾರ್ಡ್ ಮಾಡುವುದರೊಳಗೆ ಇನ್ನೊಂದು ಫೋನು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಎರಡನ್ನೂ ಬೇರೆ ಬೇರೆ ಇಟ್ಟ ವ್ಯವಸ್ಥೆಯ ಮೇಲೆ ಇದೆ.

ಬೇ ಏರಿಯಾ ಬಸವ

ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೂ ಕೇಳುತ್ತೇನೆ, ಇದನ್ನು ಇನ್ನೂ ಯಾಕೆ ಇಟ್ಟುಕೊಳ್ಳಬೇಕು? 511ಕ್ಕೆ ಫೋನ್ ಮಾಡಿದರೆ ರಸ್ತೆ ಸುದ್ದಿ ಸಿಗುತ್ತದೆ, ಆ ಸಂಖ್ಯೆಯನ್ನು 2000ದಲ್ಲೇ ಇದಕ್ಕೆ ಮೀಸಲಿಟ್ಟಿದ್ದಾರೆ. ಮ್ಯಾಪ್ ಇದೆ. ರಸ್ತೆ ಮೇಲೆ ದೊಡ್ಡ ವಿದ್ಯುತ್ ಫಲಕಗಳಿವೆ. ಹಲವು ಹೊಸ ಎಲೆಕ್ಟ್ರಿಕ್ ಕಾರುಗಳಲ್ಲಿ ಎಎಂ ರೇಡಿಯೊ ಬರುತ್ತಲೇ ಇಲ್ಲ, ನನ್ನದರಲ್ಲೂ ಇಲ್ಲ. ಕೇಳುವ ಕಿವಿಯೇ ಇಲ್ಲದ ಮೇಲೆ ತೆರಿಗೆ ದುಡ್ಡು ಯಾಕೆ?

ಹೊಳೆಸಾಲು

ಬಸವ ಅವರೇ, ನನ್ನ ಫೋನಿನಲ್ಲಿ 511 ಇತ್ತು, ಮ್ಯಾಪೂ ಇತ್ತು. ಸಿಗ್ನಲ್ ಇರಲಿಲ್ಲ. ಘಟ್ಟದಲ್ಲಿ ಕೊನೆಗೆ ಉಳಿಯುವುದು ಬ್ಯಾಟರಿ, ಕಂಬ, ಕಾರಿನ ರೇಡಿಯೊ ಈ ಮೂರೇ. ವಿದ್ಯುತ್ ಫಲಕದ ಮೇಲೆ ನಾಲ್ಕು ಪದ ಹಿಡಿಸುತ್ತದೆ. ರಸ್ತೆ ಮುಚ್ಚಿದೆ ಅಂತ ಹೇಳಬಹುದು. ಎಲ್ಲಿ ತಿರುಗಬೇಕು, ಎಷ್ಟು ಹೊತ್ತಾಗುತ್ತದೆ, ಹತ್ತಿರದಲ್ಲಿ ಉಳಿದುಕೊಳ್ಳಲು ಜಾಗ ಇದೆಯೇ ಅನ್ನುವುದನ್ನು ಹೇಳಲು ಒಂದು ನಿಮಿಷದ ಮಾತೇ ಬೇಕು.

ನೆಲದ ತಂತಿ

ಎಲೆಕ್ಟ್ರಿಕ್ ಕಾರಿನ ವಿಷಯ ನಿಜ. ಮೋಟರಿಗೆ ಕರೆಂಟು ಕೊಡುವ ಇನ್ವರ್ಟರಿನ ಸದ್ದು ಎಎಂ ಪಟ್ಟಿಯೊಳಕ್ಕೇ ಬೀಳುತ್ತದೆ, ತಡೆಯಲು ಕವಚ ಹಾಕಬೇಕು, ಖರ್ಚು ಬರುತ್ತದೆ ಅಂತ ಕೆಲವು ಕಂಪನಿಗಳು ಎಎಂ ತೆಗೆದವು. ಫೋರ್ಡ್ ಕೂಡ ತೆಗೆಯುವುದಾಗಿ ಹೇಳಿ, 2023ರ ಮೇ ತಿಂಗಳಲ್ಲಿ ಮನಸ್ಸು ಬದಲಿಸಿತು. ಅದೇ ವರ್ಷ ಅಮೆರಿಕದ ಸಂಸತ್ತಿನಲ್ಲಿ ಎಲ್ಲ ಕಾರಿಗೂ ಎಎಂ ಕಡ್ಡಾಯ ಮಾಡುವ ಮಸೂದೆ ಮಂಡನೆಯಾಯಿತು. ಆ ಮಸೂದೆಗೆ ಕಾರಣವಾಗಿ ಹೇಳಿದ್ದು ತುರ್ತು ಸಂದೇಶಗಳನ್ನೇ.

ಮಧ್ಯಪಶ್ಚಿಮದ ಮಂಜುಳ

ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ನಮ್ಮ ಸಣ್ಣ ಪಟ್ಟಣದ ವಿಪತ್ತು ಸಮಿತಿಯಲ್ಲಿ ಸ್ವಯಂಸೇವಕಿ ನಾನು. ಪಟ್ಟಣದ ಹೆಸರಿನಲ್ಲಿ ಇಂಥದ್ದೊಂದು ಕೇಂದ್ರ ಇದೆ. ವರ್ಷದ ಬಹುಭಾಗ ಅದು ಊರಿನ ಉದ್ಯಾನದ ವೇಳೆ, ಹಳೆಯ ಗಿರಣಿಯ ಚರಿತ್ರೆ ಹೇಳಿಕೊಂಡಿರುತ್ತದೆ. ರಕ್ತದಾನ ಶಿಬಿರದ ಸುದ್ದಿ ಹಾಕೋಣ ಅಂದೆವು, ಆಗುವುದಿಲ್ಲ ಅಂದರು. ಊರ ಜಾತ್ರೆಗೆ ಊಟದ ಮಳಿಗೆಗಳ ಹೆಸರು ಹೇಳೋಣ ಅಂದೆವು, ಅದೂ ಆಗುವುದಿಲ್ಲ. ಊರಿನ ಜನರ ದುಡ್ಡಿನಲ್ಲಿ ನಡೆಯುವ ಕೇಂದ್ರದಲ್ಲಿ ಊರಿನ ಮಾತಿಗೆ ಜಾಗ ಇಲ್ಲದಿದ್ದರೆ ಹೇಗೆ?

ಹಳೇ ಹ್ಯಾಮ್

ಮಂಜುಳಾ ಅವರೇ, ಇದೇ ವಾದವನ್ನು ಹಲವರು ಎಫ್‌ಸಿಸಿಯ ಮುಂದೆ ಇಟ್ಟರು. ಇಂಥ ಕೇಂದ್ರ ನಡೆಸುವವರ ಸಂಘ 2008ರಲ್ಲಿ ಅರ್ಜಿ ಹಾಕಿತ್ತು. ಎಲ್ಲ ಬಗೆಯ ಸಾರ್ವಜನಿಕ ಸುರಕ್ಷತೆಯ ಮಾಹಿತಿಗೂ ಅವಕಾಶ ಕೊಡಿ ಅನ್ನುವುದು ಅದರ ಬೇಡಿಕೆ. ಎಎಂ ಪ್ರಸಾರಕರು ಬಲವಾಗಿ ವಿರೋಧಿಸಿದರು. 2013ರಲ್ಲಿ ತೀರ್ಮಾನ ಬಂತು. ಬಾಗಿಲು ಪೂರ್ತಿ ತೆರೆಯಲಿಲ್ಲ, ಆದರೆ ಪ್ರಯಾಣಿಕನಿಗೆ ತಾಗುವುದು ಯಾವುದು ಅಂತ ಬಿಡಿಸಿ ಹೇಳಿದರು. ಅಪಾಯದ ಹವಾಮಾನ, ಅಪಘಾತ, ಪ್ರಯಾಣಕ್ಕೆ ಹಿಡಿಯುವ ಸಮಯ, ಲಾರಿಗಳ ತೂಕದ ಕಟ್ಟೆ, ಕಳೆದುಹೋದ ಮಕ್ಕಳ ಮತ್ತು ವೃದ್ಧರ ಬಗ್ಗೆ ಎಚ್ಚರಿಕೆ, ಇವೆಲ್ಲ ಸೇರಿದವು. ದಿನನಿತ್ಯದ ಹವಾಮಾನ ವರದಿಯನ್ನು ಸುಮ್ಮನೆ ಓದಿಸುವುದು ಸೇರಲಿಲ್ಲ. ಒಂದೇ ಸುದ್ದಿಯನ್ನು ಸಾಲಾಗಿ ಹಲವು ಕಂಬಗಳಿಂದ ಏಕಕಾಲಕ್ಕೆ ಬಿತ್ತರಿಸಲು ಒಪ್ಪಿಗೆ ಸಿಕ್ಕಿತು. ದನಿಯ ವಿಷಯದಲ್ಲೂ ಬದಲಾವಣೆ ಬಂತು. ಮೊದಲು 3 ಕಿಲೋಹರ್ಟ್ಸ್ ಮೇಲಿನ ಸದ್ದನ್ನೆಲ್ಲ ಕತ್ತರಿಸಬೇಕಿತ್ತು, ಮಾತು ಕಂಬಳಿ ಹೊದ್ದ ಹಾಗೆ ಕೇಳಿಸುತ್ತಿತ್ತು. 2015ರಲ್ಲಿ ಅದನ್ನು 5 ಕಿಲೋಹರ್ಟ್ಸಿಗೆ ಸಡಿಲಿಸಿದರು.

ಜೀವಕ್ಕೆ ನೇರ ಅಪಾಯ ಬಂದಾಗ ಬೇರೆ ಸುದ್ದಿಗೂ ಅವಕಾಶ ಮೊದಲಿಂದಲೂ ಇದೆ. ಜಾತ್ರೆಗೆ ಇಲ್ಲ.

ಹೊಳೆಸಾಲು

ಮಂಜುಳಾ ಅಕ್ಕ, ನಿಮ್ಮ ರಕ್ತದಾನದ ಸುದ್ದಿ ಒಳ್ಳೆಯದೇ. ಆದರೂ ಆ ನಿಯಮದ ಪರ ನಾನು. ಮಿನುಗುವ ದೀಪ ನೋಡಿ ಎಎಂ ಹಾಕುವವನು ಮಂಜಿನಲ್ಲಿ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದಿರುತ್ತಾನೆ. ಅವನಿಗೆ ಸಿಗುವುದು ಒಂದು ನಿಮಿಷ, ಅದೂ ನಡುವಿನಿಂದ. ಅದರಲ್ಲಿ ಮೊದಲು ಜಾತ್ರೆ ಬಂದರೆ ಅವನು ಎಫ್‌ಎಂಗೆ ವಾಪಸ್ ಹೋಗುತ್ತಾನೆ, ಮುಂದಿನ ಸಲ ದೀಪ ಕಂಡರೂ ಹಾಕುವುದಿಲ್ಲ. ನನ್ನ ವಿಷಯದಲ್ಲಿ ಒಂದು ಹಳೆಯ ಸುದ್ದಿ ಮಾಡಿದ್ದೂ ಅದನ್ನೇ. ಈಗ ಆ ದೀಪ ಕಂಡರೆ ನನ್ನ ಹೆಂಡತಿ ಬುಧವಾರದ್ದಿರಬೇಕು ಅನ್ನುತ್ತಾಳೆ.

ಹ್ಯಾಮ್ ಸರ್ ಬರೆದದ್ದು ಓದಿದಾಗಿನಿಂದ ನನಗೆ ಅನ್ನಿಸುತ್ತಿರುವುದು ಇಷ್ಟು. ಈ ಕಾನೂನು ಪಕ್ಕದ ಕೇಂದ್ರಕ್ಕೆ ತೊಂದರೆ ಆಗದಂತೆ ಕಾಯುತ್ತದೆ, ಅಂಗಡಿಯವರು ನುಸುಳದಂತೆ ಕಾಯುತ್ತದೆ. ಯಾರಿಗಾಗಿ ಕಂಬ ನೆಟ್ಟರೋ ಅವನನ್ನು ಹಳಸಿದ ಸುದ್ದಿಯಿಂದ ಕಾಯುವ ಮಾತು ಅದರಲ್ಲಿ ಇಲ್ಲ. 1.5 ಕಿಲೋಮೀಟರ್ ದೂರದಲ್ಲಿ ಮಿಲಿವೋಲ್ಟ್ ಅಳೆಯಲು ಬರುತ್ತದೆ ಅಂದ ಮೇಲೆ ಸುದ್ದಿಗೆ ಎಷ್ಟು ಗಂಟೆ ಆಯಿತು ಅಂತ ಅಳೆಯಲು ಬರುವುದಿಲ್ಲವೇ?

ನಾಗೋಯಾ ನಾಗರಾಜ

ಜಪಾನಿನಿಂದ ಒಂದು ಮಾತು. ಇಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ಹೈವೇ ರೇಡಿಯೊ 1620ರಲ್ಲಿ ಬರುತ್ತದೆ. ರಸ್ತೆ ಬದಿಯಲ್ಲೇ ಕೇಬಲ್ ಎಳೆದಿದ್ದಾರೆ, ಅದೇ ಆಂಟೆನಾ. ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅಂತ ಬೋರ್ಡು ಹಾಕಿರುತ್ತಾರೆ. ರಸ್ತೆಯಿಂದ ಇಳಿದರೆ ದನಿ ಮಾಯ. ಪಕ್ಕದ ಕಣಿವೆಯವನಿಗೆ ಗೊಂದಲ ಆಗುವ ಪ್ರಶ್ನೆ ಬರುವುದಿಲ್ಲ.

ಇನ್ನೊಂದು, ಊರಿನಿಂದ ತಂದ ರೇಡಿಯೊ ಇಟ್ಟುಕೊಂಡವರಿಗೆ. ನಮ್ಮ ದೇಶದಲ್ಲಿ ಎಎಂ ಕೇಂದ್ರಗಳ ನಡುವೆ 9 ಕಿಲೋಹರ್ಟ್ಸ್ ಅಂತರ, ಅಮೆರಿಕದಲ್ಲಿ 10. ನಮ್ಮ ಡಿಜಿಟಲ್ ಸೆಟ್ಟು 1602 ಆದ ಮೇಲೆ 1611ಕ್ಕೆ ಹಾರುತ್ತದೆ, 1610ರಲ್ಲಿ ನಿಲ್ಲುವುದೇ ಇಲ್ಲ. ಕೆಲವು ಸೆಟ್ಟಿನ ಹಿಂದೆ 9/10 ಅಂತ ಸಣ್ಣ ಸ್ವಿಚ್ಚು ಇರುತ್ತದೆ, ಅಮೆರಿಕದಲ್ಲಿ ಇಳಿದ ಕೂಡಲೇ ಅದನ್ನು 10ಕ್ಕೆ ಸರಿಸಿ.

ಕಡಲತಡಿ

ನಮ್ಮ ಶಿರಾಡಿಗೆ ಇಂಥದ್ದು ಬೇಡವಾ ಮಾರಾಯ್ರೆ? 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದಾಗ ಲಾರಿಯವರು, ಬಸ್ಸಿನವರು ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ಪಡಬಾರದ ಪಾಡು ಪಟ್ಟಿದ್ದಾರೆ. ಕಾಡಿನ ಮಧ್ಯೆ ಫೋನೂ ಇಲ್ಲ.

ಹಳೇ ಹ್ಯಾಮ್

ಬೇಕು ಅನ್ನುವುದರಲ್ಲಿ ನನಗೆ ಸಂಶಯವಿಲ್ಲ. ನಮ್ಮಲ್ಲಿ ಸಣ್ಣ ಶಕ್ತಿಯ ಪ್ರಸಾರಕ್ಕೆ ಇರುವ ದಾರಿ ಸಮುದಾಯ ರೇಡಿಯೊ, ಎಫ್‌ಎಂ, 100 ವ್ಯಾಟ್, 30 ಮೀಟರ್ ಕಂಬ. ಅದು ಊರಿನ ಜನರಿಗಾಗಿ ದಿನವಿಡೀ ಕಾರ್ಯಕ್ರಮ ನಡೆಸುವ ಕೇಂದ್ರ, ಸಂಸ್ಥೆ ಬೇಕು, ಸ್ಟುಡಿಯೊ ಬೇಕು. ಘಟ್ಟದ ತಿರುವಿನಲ್ಲಿ ಒಂದು ಪೆಟ್ಟಿಗೆ ಇಟ್ಟು ರಸ್ತೆ ಮುಚ್ಚಿದೆ ಅಂತ ಹೇಳಿಸುವುದಕ್ಕೆ ಆ ಅಂಗಿ ಹೊಂದುವುದಿಲ್ಲ. ಶಿರಾಡಿಯ ಬಗ್ಗೆ ಬೇರೆ ಎಳೆ ತೆರೆಯಿರಿ, ನಾನೂ ಬರುತ್ತೇನೆ.

ಕಲಘಟಗಿ ಹುಡುಗ

ಅಣ್ಣಾರ, ಹೊಳೆಸಾಲು ಅವರ ಪ್ರಶ್ನೆ ಅಲ್ಲೇ ಉಳೀತು. ಸುದ್ದಿ ಹಳಸಿದ್ರ ಮಷೀನ ತಾನ ಬಂದ್ ಆಗೂ ಹಂಗ ಮಾಡಾಕ ಬರೂದಿಲ್ಲೇನು?

ನೆಲದ ತಂತಿ

ಬರುತ್ತದೆ. ಈಗಿನ ರೆಕಾರ್ಡರುಗಳಲ್ಲಿ ಪ್ರತಿ ಸುದ್ದಿಗೂ ಮುಗಿಯುವ ಸಮಯ ಕೊಡಬಹುದು, ನಾನೇ ಹಾಕಿದ್ದೇನೆ. ಸಮಯ ಆದ ಕೂಡಲೇ ಅದು ತೆಗೆದು, ಸಾಮಾನ್ಯ ಸುದ್ದಿಗೆ ಮರಳುತ್ತದೆ. ದೀಪದ ಸ್ವಿಚ್ಚನ್ನೂ ಅದಕ್ಕೇ ಜೋಡಿಸಬಹುದು, ಹೊಸ ಸುದ್ದಿ ಇಲ್ಲದೆ ದೀಪ ಹತ್ತದ ಹಾಗೆ. ದುಡ್ಡಿನ ಪ್ರಶ್ನೆಯೇ ಅಲ್ಲ, ಒಂದು ಮಧ್ಯಾಹ್ನದ ಕೆಲಸ. ಆದರೆ ನಿಯಮದಲ್ಲಿ ಇಲ್ಲದ್ದನ್ನು ಟೆಂಡರಿನಲ್ಲಿ ಯಾರೂ ಬರೆಯುವುದಿಲ್ಲ. ಟೆಂಡರಿನಲ್ಲಿ ಇಲ್ಲದ್ದನ್ನು ಗುತ್ತಿಗೆದಾರ ಮಾಡುವುದಿಲ್ಲ. ನಾನು ಮಾಡಿಕೊಟ್ಟ ಕಡೆ ಇಲಾಖೆಯ ಒಬ್ಬ ಹಿರಿಯರು ಬಾಯಿಮಾತಿನಲ್ಲಿ ಕೇಳಿದ್ದರು, ಅದಕ್ಕೇ ಆಯಿತು.

ಹೊಳೆಸಾಲು

ನೆಲದ ತಂತಿಯವರೇ, ನೀವು ಬರೆದದ್ದನ್ನೇ ಇಟ್ಟುಕೊಂಡು ನಿನ್ನೆ ರಾತ್ರಿ ಆ ಇಲಾಖೆಗೆ ಪತ್ರ ಬರೆದೆ. ದೂರು ಅಂತ ಬರೆಯಲಿಲ್ಲ. ಮೂರು ಕೇಳಿದ್ದೇನೆ. ಪ್ರತಿ ಸುದ್ದಿಯ ಮೊದಲ ವಾಕ್ಯದಲ್ಲಿ ಅದನ್ನು ಹೇಳಿದ ದಿನ ಮತ್ತು ಹೊತ್ತು ಬರಲಿ. ಮುಗಿಯುವ ಸಮಯ ಕೊಡದೆ ಯಾವ ಸುದ್ದಿಯನ್ನೂ ಯಂತ್ರ ತೆಗೆದುಕೊಳ್ಳದಿರಲಿ. ಹೊಸ ಸುದ್ದಿ ಹಾಕುವವರೆಗೆ ದೀಪ ಹತ್ತದಿರಲಿ. ಅವತ್ತು ನಾವು ತಿರುಗಬಹುದಾಗಿದ್ದ ಜಾಗದ ಮೈಲಿಗಲ್ಲಿನ ಸಂಖ್ಯೆಯನ್ನೂ ಬರೆದಿದ್ದೇನೆ, ಹೋಗಿ ನೋಡಲಿ ಅಂತ.

ಇದನ್ನೇ ಎಫ್‌ಸಿಸಿಗೂ ಬರೆಯಬೇಕು ಅಂತಿದ್ದೇನೆ. ಹ್ಯಾಮ್ ಸರ್, 90.242ಕ್ಕೆ ತಿದ್ದುಪಡಿ ಕೇಳುವ ಅರ್ಜಿಯ ಕರಡು ಮಾಡಿದರೆ ಒಂದು ಸಲ ಕಣ್ಣಾಡಿಸುತ್ತೀರಾ?

ಹಳೇ ಹ್ಯಾಮ್

ಕಳಿಸಿ. ಕನ್ನಡದಲ್ಲೇ ಮೊದಲು ಬರೆದುಕೊಳ್ಳಿ, ಏನು ಬೇಕು ಅನ್ನುವುದು ನಿಮಗೆ ಸ್ಪಷ್ಟವಾಗುತ್ತದೆ. ಕಲಮಿನ ಯಾವ ಉಪಕಲಮಿನ ಕೆಳಗೆ ಸೇರಿಸಬೇಕು ಅಂತ ನಾನು ಗುರುತು ಹಾಕಿ ಕೊಡುತ್ತೇನೆ. ಮಂಜುಳಾ ಅವರ ಸಮಿತಿ ಸಹಿ ಹಾಕಿದರೆ ಕೇಂದ್ರ ನಡೆಸುವವರ ಕಡೆಯಿಂದಲೂ ಒಂದು ದನಿ ಇರುತ್ತದೆ.

ಮಧ್ಯಪಶ್ಚಿಮದ ಮಂಜುಳ

ಸಮಿತಿಯ ಸಭೆ ಮಂಗಳವಾರ ಇದೆ. ಅದಕ್ಕೆ ಮೊದಲು ಒಂದು ಕೆಲಸ ಮಾಡಿದೆ. ಈಗ ತಾನೇ ಕಾರಿನಲ್ಲಿ ಹೋಗಿ ನಮ್ಮ ಕೇಂದ್ರ ಕೇಳಿಕೊಂಡು ಬಂದೆ. ಸೇತುವೆ ರಿಪೇರಿ ಅಕ್ಟೋಬರಿನಲ್ಲಿ ಶುರುವಾಗುತ್ತದೆ ಅಂತ ಇನ್ನೂ ಹೇಳುತ್ತಿದೆ. ಸೇತುವೆ ತೆರೆದು ಎರಡು ತಿಂಗಳಾಯಿತು. ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ವಿಚಾರಿಸುತ್ತಿದ್ದೇನೆ.